ಕ್ಯಾಶ್‌ಬ್ಯಾಕೋ, ಪಾಯಿಂಟೋ, ಗಿಫ್ಟ್ ಕಾರ್ಡೋ: ಲೆಕ್ಕ ಹಾಕಿ ಆರಿಸುವ ಬಗೆ

ಕಾರ್ಡಿನ ಜಾಹೀರಾತು ಹೇಳುವುದು ಗಳಿಕೆಯ ದರವನ್ನು. ನೂರಕ್ಕೆ ಐದು ಪಾಯಿಂಟ್, ಪ್ರವಾಸಕ್ಕೆ ಹತ್ತು ಪಟ್ಟು, ಸೇರಿದ ಕೂಡಲೇ ಅರವತ್ತು ಸಾವಿರ. ಒಂದು ಪಾಯಿಂಟಿಗೆ ಕೊನೆಯಲ್ಲಿ ಎಷ್ಟು ಹಣ ಸಿಗುತ್ತದೆ ಎಂಬುದು ಅಲ್ಲಿ ಇರುವುದಿಲ್ಲ, ಏಕೆಂದರೆ ಅದು ತೀರ್ಮಾನವಾಗುವುದು ಪಾಯಿಂಟ್ ಬಳಸುವ ದಿನ. ಹಾಗಾಗಿ ಕ್ಯಾಶ್‌ಬ್ಯಾಕ್ ಕಾರ್ಡು, ಬ್ಯಾಂಕಿನ ಪಾಯಿಂಟ್ ಕಾರ್ಡು, ಏರ್‌ಲೈನ್ ಅಥವಾ ಹೋಟೆಲ್ ಹೆಸರಿನ ಕಾರ್ಡು, ರಿಯಾಯಿತಿಯ ಗಿಫ್ಟ್ ಕಾರ್ಡು, ಈ ನಾಲ್ಕನ್ನೂ ಒಂದೇ ಅಳತೆಗೆ ತಂದು ನೋಡಬೇಕು: ನೂರು ಖರ್ಚು ಮಾಡಿದರೆ, ಹೇಗಿದ್ದರೂ ಜೇಬಿನಿಂದ ಹೋಗಬೇಕಿದ್ದ ಹಣದಲ್ಲಿ ಎಷ್ಟು ಉಳಿಯಿತು? ಕೆಳಗಿನ ಲೆಕ್ಕಗಳಲ್ಲಿ ಯಾವ ದೇಶದ ಹಣ ಎಂದು ಬರೆದಿಲ್ಲ. ಅನುಪಾತ ಎಲ್ಲ ಕಡೆಯೂ ಒಂದೇ.

ಈ ಹೋಲಿಕೆಗೆ ಒಂದು ಷರತ್ತಿದೆ. ಬಿಲ್ಲಿನ ಪೂರ್ತಿ ಮೊತ್ತವನ್ನು ಪ್ರತಿ ತಿಂಗಳೂ ಗಡುವಿನೊಳಗೆ ಕಟ್ಟುವವರಿಗೆ ಮಾತ್ರ ಇದು ಅನ್ವಯಿಸುತ್ತದೆ. ವರ್ಷಕ್ಕೆ ಶೇ. 36 ಬಡ್ಡಿ ಇರುವ ಕಾರ್ಡಿನಲ್ಲಿ ಒಂದು ತಿಂಗಳ ಬಡ್ಡಿಯೇ ಶೇ. 3. ಶೇ. 2ರ ಕ್ಯಾಶ್‌ಬ್ಯಾಕ್ ಅಲ್ಲಿಗೇ ಮುಗಿಯಿತು. ಸ್ವಲ್ಪವೇ ಬಾಕಿ ಉಳಿಸಿದರೂ ಬಹಳಷ್ಟು ಕಾರ್ಡುಗಳಲ್ಲಿ ಬಡ್ಡಿರಹಿತ ಅವಧಿ ರದ್ದಾಗಿ, ಹೊಸ ಖರೀದಿಗೂ ಕೊಂಡ ದಿನದಿಂದಲೇ ಬಡ್ಡಿ ಏರುತ್ತದೆ. ಬ್ಯಾಂಕ್ ಖಾತೆಯಿಂದ ತಾನಾಗಿ ಹಣ ಕಡಿತವಾಗುವ ವ್ಯವಸ್ಥೆ ಮಾಡುವಾಗ ‘ಕನಿಷ್ಠ ಮೊತ್ತ’ ಅಲ್ಲ, ‘ಪೂರ್ತಿ ಮೊತ್ತ’ ಎಂಬುದನ್ನೇ ಆರಿಸಿ. ಇನ್ನೊಂದು ಮಾತು: ಬಿಲ್ಲಿಗೆ ಜಮೆಯಾದ ಕ್ಯಾಶ್‌ಬ್ಯಾಕನ್ನು ಅನೇಕ ಬ್ಯಾಂಕುಗಳು ನೀವು ಕಟ್ಟಿದ ಹಣವೆಂದು ಪರಿಗಣಿಸುವುದಿಲ್ಲ. ಅದನ್ನು ನಂಬಿ ಕಡಿಮೆ ಕಟ್ಟಿದರೆ ತಡವಾದ ಪಾವತಿಯ ದಂಡ ಬೀಳಬಹುದು.

ಅಳತೆಗೋಲು: ಸಾದಾ ಕ್ಯಾಶ್‌ಬ್ಯಾಕ್

ಎಲ್ಲ ಖರ್ಚಿಗೂ ಒಂದೇ ದರದಲ್ಲಿ ಹಣ ಹಿಂತಿರುಗಿಸುವ, ವಾರ್ಷಿಕ ಶುಲ್ಕವಿಲ್ಲದ ಕಾರ್ಡು ನಿಮ್ಮ ದೇಶದಲ್ಲಿ ಎಷ್ಟು ಕೊಡುತ್ತದೆ ಎಂದು ಮೊದಲು ನೋಡಿಕೊಳ್ಳಿ. ಶೇ. 1 ಇರಲಿ, 2 ಇರಲಿ, ಉಳಿದ ಆಯ್ಕೆಗಳು ಗೆಲ್ಲಬೇಕಾದದ್ದು ಆ ಅಂಕಿಯ ಎದುರು, ಸೊನ್ನೆಯ ಎದುರು ಅಲ್ಲ. ಈ ದರ ದೇಶದಿಂದ ದೇಶಕ್ಕೆ ಬದಲಾಗುವುದಕ್ಕೆ ಕಾರಣವಿದೆ. ರಿವಾರ್ಡಿನ ಹಣದ ದೊಡ್ಡ ಪಾಲು ಬರುವುದು ವ್ಯಾಪಾರಿಯ ಬ್ಯಾಂಕು ಕಾರ್ಡ್ ಕೊಟ್ಟ ಬ್ಯಾಂಕಿಗೆ ಸಲ್ಲಿಸುವ ಇಂಟರ್‌ಚೇಂಜ್ ಶುಲ್ಕದಿಂದ. ಐರೋಪ್ಯ ಒಕ್ಕೂಟ 2015ರ ನಿಯಮದಲ್ಲಿ ಗ್ರಾಹಕರ ಕ್ರೆಡಿಟ್ ಕಾರ್ಡುಗಳಿಗೆ ಇದನ್ನು ಶೇ. 0.3ಕ್ಕೆ ಮಿತಿಗೊಳಿಸಿತು. ಅಲ್ಲಿನ ಕಾರ್ಡುಗಳ ರಿವಾರ್ಡು ಅಮೆರಿಕದ ಕಾರ್ಡುಗಳಷ್ಟು ಧಾರಾಳವಾಗಿರದಿರುವುದಕ್ಕೆ ಇದು ಮುಖ್ಯ ಕಾರಣ. ಬೇರೆ ದೇಶದ ಕಾರ್ಡಿನ ಲೆಕ್ಕ ಓದಿ ನಿಮ್ಮ ಕಾರ್ಡಿನಿಂದ ಅದನ್ನೇ ನಿರೀಕ್ಷಿಸಬೇಡಿ.

ಕ್ಯಾಶ್‌ಬ್ಯಾಕಿನಲ್ಲೂ ಮುಖಬೆಲೆ ಬೇರೆ, ಕೈಗೆ ಸಿಗುವುದು ಬೇರೆ. ‘ಆನ್‌ಲೈನ್ ಖರೀದಿಗೆ ಶೇ. 5’ ಎನ್ನುವ ಕಾರ್ಡಿಗೆ ತಿಂಗಳಿಗೆ 500ರ ಮಿತಿ, ಆಮೇಲೆ ಶೇ. 1 ಎಂದಿಟ್ಟುಕೊಳ್ಳಿ. ತಿಂಗಳಿಗೆ 10,000 ಖರ್ಚು ಮಾಡುವವರಿಗೆ ಅದು ನಿಜವಾಗಿಯೂ ಶೇ. 5. ಅದೇ ಕಾರ್ಡಿನಲ್ಲಿ 25,000 ಖರ್ಚು ಮಾಡಿದರೆ ಸಿಗುವುದು 500 ಮತ್ತು 150, ಒಟ್ಟು 650, ಅಂದರೆ ಶೇ. 2.6. ಮಿತಿ ಮುಟ್ಟಿದ ದಿನ ಬೇರೆ ಕಾರ್ಡಿಗೆ ಹೋಗುವುದೇ ಸರಿ. ಮಿತಿಯ ಲೆಕ್ಕ ಕ್ಯಾಲೆಂಡರ್ ತಿಂಗಳಿಗೋ ಬಿಲ್ಲಿನ ಅವಧಿಗೋ ಎಂಬುದನ್ನೂ ನೋಡಿಕೊಳ್ಳಿ. ತಿಂಗಳ ಕೊನೆಯ ದೊಡ್ಡ ಖರೀದಿ ಎಷ್ಟೋ ಸಲ ಎಡವುವುದು ಇಲ್ಲೇ.

ಹಂತದ ಲೆಕ್ಕವೂ ತಿನ್ನುತ್ತದೆ. ‘ಪ್ರತಿ 150ಕ್ಕೆ 2 ಪಾಯಿಂಟ್’ ಎಂಬ ಕಾರ್ಡಿನಲ್ಲಿ 290ರ ಖರೀದಿಗೆ ಬರುವುದು 2 ಪಾಯಿಂಟ್ ಮಾತ್ರ, ಉಳಿದ 140ಕ್ಕೆ ಏನೂ ಇಲ್ಲ. ದಿನನಿತ್ಯದ ಸಣ್ಣ ಬಿಲ್ಲುಗಳೇ ಹೆಚ್ಚಿರುವವರಿಗೆ ಇಂಥ ಕಾರ್ಡಿನ ದರ ಅರ್ಧಕ್ಕೆ ಇಳಿದರೂ ಆಶ್ಚರ್ಯವಿಲ್ಲ. ತಿಂಗಳ ಒಟ್ಟು ಮೊತ್ತದ ಮೇಲೆ ಲೆಕ್ಕ ಹಾಕುವ ಕಾರ್ಡಿನಲ್ಲಿ ಈ ನಷ್ಟ ಇರುವುದಿಲ್ಲ.

ಪಾಯಿಂಟಿನ ನಿಜಬೆಲೆ

ಬ್ಯಾಂಕಿನ ಪಾಯಿಂಟಿಗೆ ಹಲವು ದಾರಿಗಳಿರುತ್ತವೆ. ಕ್ಯಾಟಲಾಗಿನ ವಸ್ತುಗಳು, ಖರೀದಿಯ ವೇಳೆ ‘ಪಾಯಿಂಟಿನಲ್ಲಿ ಕಟ್ಟಿ’ ಎಂಬ ಗುಂಡಿ, ಬಿಲ್ಲಿಗೆ ಜಮೆ, ಬ್ಯಾಂಕಿನದೇ ಪ್ರವಾಸ ಪೋರ್ಟಲ್, ಏರ್‌ಲೈನ್ ಅಥವಾ ಹೋಟೆಲ್ ಖಾತೆಗೆ ವರ್ಗಾವಣೆ. ಮಿಕ್ಸರು, ಸೂಟ್‌ಕೇಸುಗಳ ಕ್ಯಾಟಲಾಗು ಸಾಮಾನ್ಯವಾಗಿ ಅತಿ ಕಡಿಮೆ ಬೆಲೆ ಕೊಡುವ ದಾರಿ, ಅತಿ ಹೆಚ್ಚು ಕೊಡಬಲ್ಲದ್ದು ವರ್ಗಾವಣೆ. ಆದರೆ ವರ್ಗಾವಣೆಯ ಲಾಭವನ್ನು ಹೆಚ್ಚಿನವರು ಉಬ್ಬಿಸಿ ಲೆಕ್ಕ ಹಾಕುತ್ತಾರೆ.

ಸರಿಯಾದ ಲೆಕ್ಕ ಹೀಗೆ. ಟಿಕೆಟಿನ ನಗದು ಬೆಲೆಯಿಂದ ಎರಡನ್ನು ಕಳೆಯಬೇಕು: ಪಾಯಿಂಟಿನ ಟಿಕೆಟಿಗೂ ಕೈಯಿಂದ ಕಟ್ಟುವ ತೆರಿಗೆ ಮತ್ತು ಸರ್‌ಚಾರ್ಜು (ಏರ್‌ಲೈನು ಮೇಲೆ ಹಾಕುವ ಹೆಚ್ಚುವರಿ ಶುಲ್ಕ), ನಗದು ಟಿಕೆಟ್ ಕೊಂಡಿದ್ದರೆ ಸಿಗುತ್ತಿದ್ದ ಮೈಲುಗಳ (ಏರ್‌ಲೈನಿನ ಪಾಯಿಂಟುಗಳ) ಬೆಲೆ. ಉಳಿದದ್ದನ್ನು ಪಾಯಿಂಟುಗಳಿಂದ ಭಾಗಿಸಬೇಕು.

ಒಂದು ಟಿಕೆಟ್ ನಗದಿನಲ್ಲಾದರೆ 18,000, ಪಾಯಿಂಟಿನಲ್ಲಾದರೆ 25,000 ಪಾಯಿಂಟ್ ಮತ್ತು ಮೇಲೆ 3,000 ತೆರಿಗೆ ಎಂದುಕೊಳ್ಳಿ. ಕಾರ್ಡು ನೂರಕ್ಕೆ 3 ಪಾಯಿಂಟ್ ಕೊಡುತ್ತದೆ. ಅವಸರದ ಲೆಕ್ಕದಲ್ಲಿ 18,000ವನ್ನು 25,000ದಿಂದ ಭಾಗಿಸಿದರೆ ಪಾಯಿಂಟಿಗೆ 0.72, ನೂರರ ಖರ್ಚಿಗೆ 2.16. ಶೇ. 2ರ ಕ್ಯಾಶ್‌ಬ್ಯಾಕ್ ಸೋತಂತೆ ಕಾಣುತ್ತದೆ. ಈಗ 3,000 ತೆರಿಗೆ ಕಳೆಯಿರಿ. ನಗದು ಟಿಕೆಟಿಗೆ 600 ಬೆಲೆಯ ಮೈಲುಗಳು ಸಿಗುತ್ತಿದ್ದವು ಎಂದಾದರೆ ಅದನ್ನೂ ಕಳೆಯಿರಿ. ಉಳಿದದ್ದು 14,400, ಪಾಯಿಂಟಿಗೆ 0.576, ನೂರರ ಖರ್ಚಿಗೆ 1.73. ಗೆದ್ದದ್ದು ಕ್ಯಾಶ್‌ಬ್ಯಾಕ್. ಅದೇ ಟಿಕೆಟ್, ಅದೇ ಕಾರ್ಡು. ಬಿಟ್ಟುಹೋಗಿದ್ದ ಎರಡು ಸಾಲು ಸೇರಿದ ಮೇಲೆ ತೀರ್ಪು ತಿರುಗಿತು.

ಬಿಸಿನೆಸ್ ಕ್ಲಾಸ್ ಟಿಕೆಟಿನ ಲೆಕ್ಕದಲ್ಲಿ ಇನ್ನೊಂದು ಬಗೆಯ ತಪ್ಪಾಗುತ್ತದೆ. 2,00,000ದ ಸೀಟನ್ನು 80,000 ಪಾಯಿಂಟಿಗೆ ಪಡೆದವರು ಪಾಯಿಂಟಿಗೆ 2.5 ಬಂತು ಎನ್ನುತ್ತಾರೆ. ಪಾಯಿಂಟ್ ಇಲ್ಲದಿದ್ದರೆ ಅವರು 50,000ದ ಸಾಮಾನ್ಯ ಟಿಕೆಟನ್ನೇ ಕೊಳ್ಳುತ್ತಿದ್ದರು ಎಂದಾದರೆ ಉಳಿದ ಹಣ 50,000. ಅದರ ಮೇಲೆ ಮಲಗಿಕೊಂಡು ಹೋಗುವ ಸುಖಕ್ಕೆ ನೀವು ಸ್ವಂತ ದುಡ್ಡಿನಿಂದ ಎಷ್ಟು ಕೊಡಲು ತಯಾರಿದ್ದಿರಿ ಎಂದು ಪ್ರಾಮಾಣಿಕವಾಗಿ ಕೇಳಿಕೊಂಡು ಅಷ್ಟನ್ನು ಸೇರಿಸಿ. 20,000 ಎಂದಾದರೆ ಪಾಯಿಂಟಿನ ಬೆಲೆ 0.875, ತೆರಿಗೆ ಕಳೆಯುವ ಮುನ್ನ. ಅದೂ ಒಳ್ಳೆಯ ಬೆಲೆಯೇ, ಆದರೆ 2.5 ಅಲ್ಲ.

ವರ್ಗಾವಣೆಗೆ ಮುನ್ನ

ಬ್ಯಾಂಕಿನಿಂದ ಏರ್‌ಲೈನಿಗೆ ಹೋದ ಪಾಯಿಂಟ್ ಸಾಮಾನ್ಯವಾಗಿ ಹಿಂದಕ್ಕೆ ಬರುವುದಿಲ್ಲ. ಆದ್ದರಿಂದ ಮೊದಲು ಸೀಟು, ಆಮೇಲೆ ವರ್ಗಾವಣೆ.

ಏರ್‌ಲೈನಿನ ಸದಸ್ಯತ್ವ ಖಾತೆಯನ್ನು ವಾರಗಳ ಮುಂಚೆಯೇ ತೆರೆದಿಡಿ. ಕೆಲವು ಕಡೆ ಹೊಸ ಖಾತೆಗೆ ವರ್ಗಾವಣೆ ತಡೆಹಿಡಿಯುತ್ತಾರೆ. ಖಾತೆಯ ಹೆಸರು ಬ್ಯಾಂಕಿನಲ್ಲಿರುವ ಹೆಸರಿಗೆ ಅಕ್ಷರಶಃ ಹೊಂದಬೇಕು. ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಬಿಡಿಸಿ ಬರೆದಿದ್ದರೆ ವರ್ಗಾವಣೆ ತಿರಸ್ಕಾರವಾಗುವುದು ಸಾಮಾನ್ಯ. ಸೀಟು ಹುಡುಕಿ, ತೆರಿಗೆಯ ಮೊತ್ತ ತೋರುವ ಪಾವತಿಯ ಪುಟದವರೆಗೂ ಹೋಗಿ ನೋಡಿ. ಪಾಲುದಾರ ಏರ್‌ಲೈನಿನ ಸೀಟುಗಳು ಹುಡುಕಾಟದಲ್ಲಿ ಕಂಡು, ಬುಕ್ ಮಾಡಲು ಹೋದಾಗ ಇಲ್ಲವಾಗುವುದುಂಟು. ಎರಡೂ ವ್ಯವಸ್ಥೆಗಳ ನಡುವೆ ಮಾಹಿತಿ ಹಳತಾಗಿರುವುದೇ ಕಾರಣ. ಏರ್‌ಲೈನುಗಳ ಅದೇ ಒಕ್ಕೂಟದ ಇನ್ನೊಂದು ಏರ್‌ಲೈನಿನ ಜಾಲತಾಣದಲ್ಲೂ ಆ ಸೀಟು ಕಂಡರೆ ಧೈರ್ಯ ಮಾಡಬಹುದು. ವರ್ಗಾವಣೆ ಕೆಲವು ಜೋಡಿಗಳಲ್ಲಿ ನಿಮಿಷಗಳಲ್ಲಿ ಆಗುತ್ತದೆ, ಕೆಲವಕ್ಕೆ ದಿನಗಳು ಬೇಕು. ನಿಧಾನದ ಜೋಡಿಯಾದರೆ ಸೀಟನ್ನು ಕಾದಿರಿಸಲು ಆಗುತ್ತದೆಯೇ ಎಂದು ಏರ್‌ಲೈನಿಗೆ ಫೋನ್ ಮಾಡಿ ಕೇಳಿ. ಎಲ್ಲ ಪಾಯಿಂಟುಗಳನ್ನೂ ಸುರಿಯದೆ ಆ ಟಿಕೆಟಿಗೆ ಬೇಕಾದಷ್ಟನ್ನೇ ಕಳಿಸಿ.

ಒಂದೇ ಸೀಟಿಗೆ ಬೇರೆ ಬೇರೆ ಯೋಜನೆಗಳು ಬೇರೆ ಬೇರೆ ಬೆಲೆ ಕೇಳುತ್ತವೆ. ಸ್ಟಾರ್ ಅಲಯನ್ಸ್ (1997), ಒನ್‌ವರ್ಲ್ಡ್ (1999), ಸ್ಕೈಟೀಮ್ (2000) ಒಕ್ಕೂಟಗಳಲ್ಲಿ ಒಂದು ಏರ್‌ಲೈನಿನ ಮೈಲುಗಳಿಂದ ಇನ್ನೊಂದರ ವಿಮಾನ ಹತ್ತಬಹುದು. ಒಂದು ಯೋಜನೆ ಪಾಯಿಂಟ್ ಕಡಿಮೆ ಕೇಳಿ ಸರ್‌ಚಾರ್ಜನ್ನು ಪೂರ್ತಿ ನಿಮ್ಮ ಮೇಲೆ ಹಾಕುತ್ತದೆ, ಇನ್ನೊಂದು ಪಾಯಿಂಟ್ ಹೆಚ್ಚು ಕೇಳಿ ತೆರಿಗೆಯನ್ನಷ್ಟೇ ವಸೂಲಿ ಮಾಡುತ್ತದೆ. ಪಾಯಿಂಟಿನ ಅಂಕಿ ಮಾತ್ರ ನೋಡಿ ಅಗ್ಗವೆಂದು ತೀರ್ಮಾನಿಸಿದರೆ ಮೋಸ ಹೋಗುತ್ತೀರಿ.

ಹೋಟೆಲ್ ಪಾಯಿಂಟುಗಳನ್ನು ಏರ್‌ಲೈನಿಗೆ ಕಳಿಸುವುದು ಸಾಮಾನ್ಯವಾಗಿ ನಷ್ಟದ ಬಾಬತ್ತು. ಮ್ಯಾರಿಯಟ್ ಹೋಟೆಲುಗಳ ಬಾನ್‌ವಾಯ್ ಯೋಜನೆಯ ಬಹುತೇಕ ಪಾಲುದಾರರಲ್ಲಿ 3 ಪಾಯಿಂಟಿಗೆ 1 ಮೈಲು. ಅವುಗಳನ್ನು ಹೋಟೆಲಿನಲ್ಲೇ ಖರ್ಚು ಮಾಡಿ. ಅದೇ ಯೋಜನೆಯಲ್ಲಿ ಸತತ ಐದು ರಾತ್ರಿ ಪಾಯಿಂಟಿನಲ್ಲಿ ಕಾದಿರಿಸಿದರೆ ನಾಲ್ಕಕ್ಕೇ ಪಾಯಿಂಟ್ ಕಟ್ಟಿದರಾಯಿತು. ಎಲ್ಲ ರಾತ್ರಿಗಳ ದರ ಒಂದೇ ಇದ್ದರೆ ಪ್ರತಿ ಪಾಯಿಂಟಿನ ಬೆಲೆ ಶೇ. 25ರಷ್ಟು ಏರಿದಂತೆ.

ಬ್ಯಾಂಕಿನ ಪ್ರವಾಸ ಪೋರ್ಟಲ್ ಬಗ್ಗೆ ಚುಟುಕಾಗಿ: ಬುಕಿಂಗಿಗೆ ಐದು ಪಟ್ಟು ಪಾಯಿಂಟ್ ಎಂದಾಗ, ಅದೇ ಕೋಣೆಯ ಬೆಲೆ ಹೋಟೆಲಿನ ಸ್ವಂತ ತಾಣದಲ್ಲಿ ಎಷ್ಟಿದೆ ಎಂದು ನೋಡಿ. ವಿಮಾನ ರದ್ದಾದಾಗ ಏರ್‌ಲೈನು ನಿಮ್ಮನ್ನು ಪೋರ್ಟಲಿನವರ ಬಳಿ ಕಳಿಸುತ್ತದೆ, ಪೋರ್ಟಲಿನವರು ಏರ್‌ಲೈನಿನ ಬಳಿ. ದಿನಾಂಕ ಬದಲಾಗುವ ಸಂಭವವಿದ್ದರೆ ನೇರ ಬುಕಿಂಗೇ ವಾಸಿ.

ಒಂದೇ ಕಂಪನಿಯ ಪಾಯಿಂಟು ಯಾರಿಗೆ?

ಅಮೆರಿಕನ್ ಏರ್‌ಲೈನ್ಸ್ 1981ರಲ್ಲಿ ತನ್ನ ಎಎಡ್ವಾಂಟೇಜ್ ಯೋಜನೆ ಶುರುಮಾಡಿದ ಕಾಲದಲ್ಲಿ ಎಷ್ಟು ಮೈಲಿಗೆ ಯಾವ ಟಿಕೆಟ್ ಎಂಬ ಪಟ್ಟಿ ಕಣ್ಣೆದುರಿಗೆ ಇರುತ್ತಿತ್ತು. ಡೆಲ್ಟಾ 2015ರಲ್ಲಿ ಆ ಪಟ್ಟಿಯನ್ನೇ ತೆಗೆಯಿತು, ಯುನೈಟೆಡ್ 2019ರಲ್ಲಿ, ಮ್ಯಾರಿಯಟ್ 2022ರಲ್ಲಿ. ಈಗ ಬೇಡಿಕೆ ನೋಡಿ ಪಾಯಿಂಟಿನ ಬೆಲೆ ದಿನವೂ ಏರಿಳಿಯುತ್ತದೆ. ಎಷ್ಟು ಪಾಯಿಂಟಿಗೆ ಒಂದು ಟಿಕೆಟ್ ಎಂದು ಮೂರು ವರ್ಷ ಮೊದಲೇ ಗುರಿಯಿಟ್ಟುಕೊಂಡು ಕೂಡಿಡುವುದಕ್ಕೆ ಹಿಂದಿನಷ್ಟು ಅರ್ಥ ಉಳಿದಿಲ್ಲ. ಹಣಕ್ಕೆ ಬಡ್ಡಿ ಬರುತ್ತದೆ, ಪಾಯಿಂಟಿಗೆ ಬರುವುದಿಲ್ಲ. ಬದಲಿಗೆ ಅದರ ಬೆಲೆ ಕುಸಿಯುತ್ತದೆ.

ಕಂಪನಿಯೇ ಮುಳುಗುವುದೂ ಉಂಟು. ಆಸ್ಟ್ರೇಲಿಯಾದ ಏರ್‌ಲೈನ್ ಆನ್ಸೆಟ್ 2001ರಲ್ಲಿ ಕುಸಿದಾಗ ಅದರ ಪಾಯಿಂಟುಗಳಿಗೆ ಬೆಲೆಯಿಲ್ಲದಾಯಿತು. 2019ರಲ್ಲಿ ಜೆಟ್ ಏರ್‌ವೇಸ್ ಹಾರಾಟ ನಿಲ್ಲಿಸಿದಾಗ ಪಾಯಿಂಟ್ ಯೋಜನೆ ಬೇರೆ ಕಂಪನಿಯ ಕೈಯಲ್ಲಿದ್ದುದರಿಂದ ಇಂಟರ್‌ಮೈಲ್ಸ್ ಹೆಸರಿನಲ್ಲಿ ಉಳಿಯಿತು, ಆದರೆ ಸದಸ್ಯರು ಯಾವ ವಿಮಾನಕ್ಕಾಗಿ ಕೂಡಿಟ್ಟಿದ್ದರೋ ಆ ವಿಮಾನವೇ ಇರಲಿಲ್ಲ.

ಆದ್ದರಿಂದ ಏರ್‌ಲೈನ್ ಅಥವಾ ಹೋಟೆಲ್ ಹೆಸರಿನ ಕಾರ್ಡನ್ನು ಪಾಯಿಂಟಿಗಾಗಿ ಕೊಳ್ಳುವುದನ್ನು ನಾವು ಸಲಹೆ ಮಾಡುವುದಿಲ್ಲ. ಉಚಿತ ಲಗೇಜು, ಮೊದಲು ಹತ್ತುವ ಅವಕಾಶ, ವರ್ಷಕ್ಕೊಂದು ಉಚಿತ ರಾತ್ರಿ ಇಂಥವುಗಳಿಗಾಗಿ ಕೊಳ್ಳಬಹುದು, ಅದೂ ಆ ಕಂಪನಿಯನ್ನು ನೀವು ವರ್ಷಕ್ಕೆ ಹಲವು ಸಲ ಬಳಸುವವರಾದರೆ. ದಿನನಿತ್ಯದ ಖರ್ಚು ಬ್ಯಾಂಕಿನ ಪಾಯಿಂಟ್ ಕಾರ್ಡಿನ ಮೇಲೆ ಹೋಗಲಿ. ಒಂದು ಏರ್‌ಲೈನ್ ದರ ಏರಿಸಿದರೆ ಇನ್ನೊಂದಕ್ಕೆ ಕಳಿಸುವ ದಾರಿ ಅದರಲ್ಲಿ ತೆರೆದಿರುತ್ತದೆ.

ವರ್ಗದ ಸಂಕೇತ

‘ಹೋಟೆಲ್ ಊಟಕ್ಕೆ ನಾಲ್ಕು ಪಟ್ಟು, ದಿನಸಿಗೆ ಮೂರು ಪಟ್ಟು’ ಎನ್ನುವ ಕಾರ್ಡು ನೀವು ಕೊಂಡ ವಸ್ತುವನ್ನು ನೋಡುವುದಿಲ್ಲ. ಅದು ನೋಡುವುದು ಅಂಗಡಿಗೆ ಅದರ ಬ್ಯಾಂಕು ಕೊಟ್ಟಿರುವ ನಾಲ್ಕಂಕಿಯ ಸಂಕೇತವನ್ನು, ಅಂದರೆ ಎಂಸಿಸಿಯನ್ನು. ಸೂಪರ್‌ಮಾರ್ಕೆಟಿಗೆ 5411, ರೆಸ್ಟೋರೆಂಟಿಗೆ 5812, ಫಾಸ್ಟ್‌ಫುಡ್ಡಿಗೆ 5814, ಪೆಟ್ರೋಲ್ ಬಂಕಿಗೆ 5541, ಔಷಧದ ಅಂಗಡಿಗೆ 5912, ಪ್ರವಾಸ ಏಜೆನ್ಸಿಗೆ 4722. ವಸತಿಗೃಹದ ಒಳಗಿನ ರೆಸ್ಟೋರೆಂಟಿನಲ್ಲಿ ಉಂಡ ಬಿಲ್ಲು ವಸತಿಯ ಸಂಕೇತದಲ್ಲಿ ಬರಬಹುದು. ಎಲ್ಲವನ್ನೂ ಮಾರುವ ದೊಡ್ಡ ಮಳಿಗೆಯಲ್ಲಿ ಅಕ್ಕಿ ಕೊಂಡರೂ ಅದು ದಿನಸಿ ಎನಿಸಿಕೊಳ್ಳದಿರಬಹುದು. ನಡುವೆ ವಾಲೆಟ್ ಅಥವಾ ಪಾವತಿ ಆ್ಯಪ್ ಬಂದರೆ ಸಂಕೇತವೇ ಬದಲಾಗಬಹುದು. ದೊಡ್ಡ ಖರ್ಚಿಗೆ ಮುನ್ನ ಅಲ್ಲೇ ಒಂದು ಸಣ್ಣ ಖರೀದಿ ಮಾಡಿ, ಎಷ್ಟು ಪಾಯಿಂಟ್ ಬಂತು ಎಂದು ಸ್ಟೇಟ್‌ಮೆಂಟಿನಲ್ಲಿ ನೋಡಿದರೆ ಅನುಮಾನ ಬಗೆಹರಿಯುತ್ತದೆ.

ಬಾಡಿಗೆ, ತೆರಿಗೆ, ವಾಲೆಟ್ ತುಂಬುವುದು, ನಗದು ತೆಗೆಯುವುದು ಇವೆಲ್ಲ ಸಾಮಾನ್ಯವಾಗಿ ಪಾಯಿಂಟಿನಿಂದ ಹೊರಗೆ. ವಿದೇಶದಲ್ಲಿ ಉಜ್ಜುವಾಗ ಶೇ. 2ರಿಂದ 3.5ರವರೆಗಿನ ವಿದೇಶಿ ಶುಲ್ಕ ಇದ್ದರೆ ರಿವಾರ್ಡು ಮಾತೇ ಇಲ್ಲ. ಯಂತ್ರ ‘ನಿಮ್ಮ ದೇಶದ ಹಣದಲ್ಲಿ ಕಟ್ಟುವಿರಾ?’ ಎಂದು ಕೇಳಿದರೆ ಬೇಡವೆನ್ನಿ. ಆ ಪರಿವರ್ತನೆಯ ದರ ನಿಮ್ಮ ಬ್ಯಾಂಕಿನ ದರಕ್ಕಿಂತ ಸಾಮಾನ್ಯವಾಗಿ ದುಬಾರಿ.

ಗಿಫ್ಟ್ ಕಾರ್ಡು: ರಿಯಾಯಿತಿ ಎಲ್ಲಿ ಸೋರುತ್ತದೆ

ನಾಲ್ಕರಲ್ಲಿ ಅತಿ ಹೆಚ್ಚು ಶೇಕಡಾವಾರು ಉಳಿಸಬಲ್ಲದ್ದು ಇದು, ಅತಿ ಬೇಗ ಕೈಕೊಡುವುದೂ ಇದೇ. 100ರ ಕಾರ್ಡು 92ಕ್ಕೆ ಸಿಕ್ಕಿತು, ಅದನ್ನು ಶೇ. 3 ಕೊಡುವ ಕ್ರೆಡಿಟ್ ಕಾರ್ಡಿನಲ್ಲಿ ಕೊಂಡಿರಿ. ಶೇ. 3 ಬರುವುದು 92ರ ಮೇಲೆ, ಅಂದರೆ 2.76. ನಿಮಗೆ ಬಿದ್ದದ್ದು 89.24, ಉಳಿದದ್ದು 10.76. ಈಗ ಕಾರ್ಡಿನಲ್ಲಿ 5 ಬಾಕಿ ಉಳಿದು ಮರೆತುಹೋಯಿತು ಎನ್ನಿ. 95ರ ಸಾಮಾನಿಗೆ 89.24 ಕೊಟ್ಟಂತಾಯಿತು, ಉಳಿತಾಯ ಶೇ. 6.06ಕ್ಕೆ ಇಳಿಯಿತು. ಅದೇ ಸಾಮಾನು ಪಕ್ಕದ ಅಂಗಡಿಯಲ್ಲಿ ಶೇ. 7 ಅಗ್ಗವಿದ್ದರೆ ನಷ್ಟವೇ. ಗಿಫ್ಟ್ ಕಾರ್ಡು ನಿಮ್ಮನ್ನು ಒಂದೇ ಅಂಗಡಿಗೆ ಕಟ್ಟಿಹಾಕುತ್ತದೆ ಎಂಬುದು ಅದರ ನಿಜವಾದ ಖರ್ಚು. ಹಾಗಾಗಿ ಏನು ಕೊಳ್ಳಬೇಕೆಂದು ತೀರ್ಮಾನವಾದ ಮೇಲೆ, ಅದರ ಬೆಲೆಗಿಂತ ತುಸು ಕಡಿಮೆ ಮೊತ್ತದ ಕಾರ್ಡು ಕೊಂಡು ಉಳಿದದ್ದನ್ನು ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿ. ಬಾಕಿ ಉಳಿಯುವ ಪ್ರಶ್ನೆಯೇ ಬಾರದು.

ಸೂಪರ್‌ಮಾರ್ಕೆಟಿನಲ್ಲಿ ಬೇರೆ ಅಂಗಡಿಗಳ ಗಿಫ್ಟ್ ಕಾರ್ಡು ಕೊಂಡು ದಿನಸಿಯ ದರದಲ್ಲಿ ಪಾಯಿಂಟ್ ಪಡೆಯುವುದು ಬಲ್ಲವರ ಹಳೆಯ ದಾರಿ, ಏಕೆಂದರೆ ಬಿಲ್ಲು ಬರುವುದು 5411ರಲ್ಲಿ. ಕೆಲವು ಬ್ಯಾಂಕುಗಳ ನಿಯಮಾವಳಿ ಗಿಫ್ಟ್ ಕಾರ್ಡ್ ಖರೀದಿಯನ್ನು ಹೆಸರಿಸಿಯೇ ಹೊರಗಿಟ್ಟಿದೆ. ಅಂಥಲ್ಲಿ ದೊಡ್ಡ ಮೊತ್ತದಲ್ಲಿ ಇದನ್ನು ಮಾಡಿದರೆ ಪಾಯಿಂಟ್ ವಾಪಸು ಹೋಗುವುದಷ್ಟೇ ಅಲ್ಲ, ಖಾತೆ ಮುಚ್ಚುವ ಅಪಾಯವೂ ಇದೆ.

ಕೈಗೆ ಸಿಗುವ ಕಾರ್ಡಾದರೆ ಕೊಳ್ಳುವ ಮುನ್ನ ಪೊಟ್ಟಣದ ಅಂಚು, ಪಿನ್ ಮೇಲಿನ ಕೆರೆಯುವ ಪಟ್ಟಿ ನೋಡಿ. ಪಟ್ಟಿಯನ್ನು ಕೆರೆದು ಸಂಖ್ಯೆ ಬರೆದುಕೊಂಡು, ಮೇಲೆ ಹೊಸ ಸ್ಟಿಕ್ಕರ್ ಅಂಟಿಸಿ ಕಪಾಟಿಗೆ ಮರಳಿಸುವ ಕಳ್ಳರಿದ್ದಾರೆ. ನೀವು ಹಣ ತುಂಬಿಸಿದ ಗಳಿಗೆಯಲ್ಲಿ ಅವರು ಖಾಲಿ ಮಾಡುತ್ತಾರೆ. ರಸೀದಿ ಇಟ್ಟುಕೊಳ್ಳಿ, ಎರಡೂ ಬದಿಯ ಫೋಟೋ ತೆಗೆದಿಡಿ, ಅಂದೇ ಅಂಗಡಿಯ ಆ್ಯಪಿನಲ್ಲಿ ನಿಮ್ಮ ಖಾತೆಗೆ ಸೇರಿಸಿ. ಬಾಕಿ ನೋಡಲು ಹುಡುಕಾಟದಲ್ಲಿ ಸಿಕ್ಕಿದ ತಾಣಕ್ಕೆ ಹೋಗದೆ, ಕಾರ್ಡಿನ ಹಿಂದೆ ಮುದ್ರಿಸಿದ ವಿಳಾಸವನ್ನೇ ಟೈಪ್ ಮಾಡಿ. ಖಾಲಿಯಾದ ಕಾರ್ಡನ್ನೂ ಸಾಮಾನು ಹಿಂತಿರುಗಿಸುವ ಅವಧಿ ಮುಗಿಯುವ ತನಕ ಎಸೆಯಬೇಡಿ, ರಿಫಂಡ್ ಅದಕ್ಕೇ ಬರುತ್ತದೆ. ದಂಡವನ್ನೋ ತೆರಿಗೆಯನ್ನೋ ಗಿಫ್ಟ್ ಕಾರ್ಡಿನಲ್ಲಿ ಕಟ್ಟಿ ಎಂದು ಯಾರಾದರೂ ಫೋನ್ ಮಾಡಿದರೆ ಅದು ವಂಚನೆಯೇ.

ಹೆಚ್ಚು ಬೆಲೆಯ ವಸ್ತುವಾದರೆ ಇನ್ನೊಂದು ಯೋಚನೆ ಬೇಕು. ಕ್ರೆಡಿಟ್ ಕಾರ್ಡು ಕೊಡುವ ಖರೀದಿ ವಿಮೆ, ಹೆಚ್ಚುವರಿ ವಾರಂಟಿ, ವಿವಾದ ಎತ್ತುವ ಹಕ್ಕು ನೇರವಾಗಿ ಕೊಂಡಾಗಿನಷ್ಟು ಗಟ್ಟಿಯಾಗಿ ಉಳಿಯುವುದಿಲ್ಲ, ಏಕೆಂದರೆ ನೀವು ಕ್ರೆಡಿಟ್ ಕಾರ್ಡಿನಲ್ಲಿ ಕೊಂಡದ್ದು ಲ್ಯಾಪ್‌ಟಾಪನ್ನಲ್ಲ, ಗಿಫ್ಟ್ ಕಾರ್ಡನ್ನು.

ಗಡುವಿನ ಕಾನೂನು ದೇಶಕ್ಕೊಂದು ಬಗೆ. ಅಮೆರಿಕದಲ್ಲಿ 2009ರ ಕಾಯ್ದೆಯ ಪ್ರಕಾರ ಗಿಫ್ಟ್ ಕಾರ್ಡಿನ ಹಣ ಐದು ವರ್ಷವಾದರೂ ಬಾಳಬೇಕು, ಆದರೆ ಖರೀದಿಯ ಜೊತೆ ಪುಕ್ಕಟೆ ಕೊಡುವ ಪ್ರಚಾರದ ಕಾರ್ಡಿಗೆ ಆ ರಕ್ಷಣೆಯಿಲ್ಲ. ಅಂಗಡಿ ದಿವಾಳಿಯಾದರೆ ಕಾನೂನೂ ಹೆಚ್ಚು ನೆರವಾಗದು. ಅಮೆರಿಕದ ಷಾರ್ಪರ್ ಇಮೇಜ್ ಮಳಿಗೆಗಳ ಕಂಪನಿ 2008ರಲ್ಲಿ ದಿವಾಳಿ ಅರ್ಜಿ ಹಾಕಿದಾಗ ಗಿಫ್ಟ್ ಕಾರ್ಡುಗಳನ್ನು ಸ್ವೀಕರಿಸುವುದನ್ನೇ ನಿಲ್ಲಿಸಿತ್ತು. ರಿಯಾಯಿತಿ ಇದ್ದಕ್ಕಿದ್ದಂತೆ ಶೇ. 20–30ಕ್ಕೆ ಏರಿದ ಅಂಗಡಿಯ ಕಾರ್ಡನ್ನು ಕೂಡಿಡದೆ ಆ ವಾರವೇ ಬಳಸಿ.

ಸ್ವಾಗತದ ಬೋನಸ್, ವಾರ್ಷಿಕ ಶುಲ್ಕ

3,000 ಶುಲ್ಕದ ಕಾರ್ಡು ನಿಮ್ಮ ಉಚಿತ ಕಾರ್ಡಿಗಿಂತ ಶೇ. 1 ಹೆಚ್ಚು ಕೊಟ್ಟರೆ ವರ್ಷಕ್ಕೆ 3,00,000 ಖರ್ಚಾಗುವ ತನಕ ಲಾಭ ಶುರುವೇ ಆಗುವುದಿಲ್ಲ. ಆ ಹೆಚ್ಚುವರಿ ಒಂದು ವರ್ಗಕ್ಕೆ ಮಾತ್ರವಾದರೆ ಇಷ್ಟೂ ಖರ್ಚು ಆ ವರ್ಗದಲ್ಲೇ ಆಗಬೇಕು. ವಿಮಾನ ನಿಲ್ದಾಣದ ಲಾಂಜು, ವೋಚರುಗಳನ್ನು ಶುಲ್ಕದಿಂದ ಕಳೆಯುವಾಗ ಅವುಗಳ ಮುಖಬೆಲೆ ಬೇಡ, ಇಲ್ಲದಿದ್ದರೂ ನೀವು ದುಡ್ಡು ಕೊಟ್ಟು ಕೊಳ್ಳುತ್ತಿದ್ದ ಬೆಲೆ ಹಾಕಿ.

ಬೋನಸ್ಸಿಗೆ ಖರ್ಚಿನ ಗುರಿ ಇದ್ದರೆ, ದಿನಗಳ ಎಣಿಕೆ ಕಾರ್ಡು ಕೈಗೆ ಬಂದ ದಿನದಿಂದಲ್ಲ, ಹೆಚ್ಚಿನ ಕಡೆ ಮಂಜೂರಾದ ದಿನದಿಂದ. ವಾರ್ಷಿಕ ಶುಲ್ಕ ಸಾಮಾನ್ಯವಾಗಿ ಗುರಿಗೆ ಸೇರದು. ಹಿಂತಿರುಗಿಸಿದ ಖರೀದಿ ಗುರಿಯಿಂದ ಕಳೆದುಹೋಗುತ್ತದೆ, ಆದ್ದರಿಂದ ಗುರಿಗಿಂತ ಶೇ. 5ರಿಂದ 10 ಹೆಚ್ಚೇ ಖರ್ಚಾಗಿರಲಿ, ಕೊನೆಯ ವಾರಕ್ಕೆ ಕಾಯಬೇಡಿ. ಹೇಗೂ ಬರಲಿರುವ ವಿಮೆಯ ಕಂತು, ಶಾಲಾ ಶುಲ್ಕಗಳನ್ನು ಆ ಅವಧಿಗೆ ಹೊಂದಿಸಿಕೊಳ್ಳಬಹುದು. ಅವು ನಿಯಮದ ಹೊರಗಿನ ಪಟ್ಟಿಯಲ್ಲಿಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಿ. ಗೃಹಸಾಲಕ್ಕೆ ಅರ್ಜಿ ಹಾಕುವ ಆಲೋಚನೆಯಿರುವವರು ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ಹೊಸ ಕಾರ್ಡಿನ ಗೋಜಿಗೇ ಹೋಗಬಾರದು.

ಹಾಗಾದರೆ ಯಾವುದು?

ವರ್ಷಕ್ಕೆ ಒಂದೆರಡು ಸಲವೂ ವಿಮಾನ ಹತ್ತದವರಿಗೆ, ಅಥವಾ ರಜೆಯ ದಿನಾಂಕ ಶಾಲೆ, ಕಚೇರಿ ನಿರ್ಧರಿಸಿದಂತೆಯೇ ಆಗಬೇಕಾದವರಿಗೆ ಕ್ಯಾಶ್‌ಬ್ಯಾಕ್. ಎಲ್ಲರೂ ಹೊರಡುವ ದಿನಗಳಲ್ಲಿ ಪಾಯಿಂಟಿನ ಸೀಟು ಸಿಗುವುದು ಕಷ್ಟ. ದಿನಾಂಕ ಹಿಂದೆಮುಂದೆ ಮಾಡಬಲ್ಲ, ದೂರದ ದೇಶಗಳಿಗೆ ಹೋಗುವ, ವರ್ಷದೊಳಗೆ ಪಾಯಿಂಟ್ ಖರ್ಚು ಮಾಡುವವರಿಗೆ ವರ್ಗಾವಣೆಯಾಗುವ ಬ್ಯಾಂಕ್ ಪಾಯಿಂಟ್. ಏರ್‌ಲೈನ್ ಅಥವಾ ಹೋಟೆಲ್ ಕಾರ್ಡು ಇವುಗಳ ಜೊತೆಗೆ ಎರಡನೆಯದಾಗಿ ಮಾತ್ರ. ಗಿಫ್ಟ್ ಕಾರ್ಡು ಯಾವುದಕ್ಕೂ ಬದಲಿಯಲ್ಲ. ತೀರ್ಮಾನವಾದ ಖರೀದಿಯ ಮೇಲೆ ಸೇರಿಸಿಕೊಳ್ಳುವ ಹೆಚ್ಚುವರಿ ಉಳಿತಾಯ.

ಆರಿಸಿದ್ದು ಯಾವುದೇ ಆಗಲಿ, ಪಾಯಿಂಟಿನ ಗಡುವನ್ನು ಬರೆದಿಡಿ. ಕೆಲವು ಯೋಜನೆಗಳಲ್ಲಿ ಒಂದು ಸಣ್ಣ ಗಳಿಕೆಯೋ ಬಳಕೆಯೋ ಗಡುವನ್ನು ಮುಂದೂಡುತ್ತದೆ, ಕೆಲವದರಲ್ಲಿ ಗಳಿಸಿ ಇಂತಿಷ್ಟು ವರ್ಷವಾದ ಕೂಡಲೇ ಹೋಗುತ್ತದೆ. ಕಾರ್ಡು ಮುಚ್ಚಿಸುವ ಮುನ್ನ ಬ್ಯಾಂಕಿನಲ್ಲಿರುವ ಪಾಯಿಂಟುಗಳನ್ನು ಬಳಸಿ ಅಥವಾ ವರ್ಗಾಯಿಸಿ. ಮುಚ್ಚಿದ ದಿನವೇ ಅವು ಅಳಿಸಿಹೋಗಬಹುದು. ಏರ್‌ಲೈನ್ ಖಾತೆಗೆ ಆಗಲೇ ಸೇರಿದ ಮೈಲುಗಳಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ವಾರ್ಷಿಕ ಶುಲ್ಕ ಬೀಳುವ ತಿಂಗಳಿಗೆ ಮುಂಚೆ ಬ್ಯಾಂಕಿಗೆ ಫೋನ್ ಮಾಡಿ, ಶುಲ್ಕ ಮನ್ನಾ ಆಗುತ್ತದೆಯೇ, ಅಥವಾ ಶುಲ್ಕವಿಲ್ಲದ ಕಾರ್ಡಿಗೆ ಬದಲಾಯಿಸಿ ಪಾಯಿಂಟ್ ಉಳಿಸಿಕೊಳ್ಳಬಹುದೇ ಎಂದು ಕೇಳಿ. ಬದಲಾಯಿಸಿದ ಮೇಲೆ ವರ್ಗಾವಣೆಯ ಹಕ್ಕು ಇರುತ್ತದೆಯೇ ಎಂಬ ಪ್ರಶ್ನೆಯನ್ನೂ ಅದೇ ಕರೆಯಲ್ಲಿ ಕೇಳಿಬಿಡಿ.